ವಾರಗಳಲ್ಲಿ ಹೇಳಿದ ಮಗುವಿನ ಪ್ರಾಯವನ್ನು ತಿಂಗಳಿಗೆ ತರುವ ಕ್ರಮ

ಮಗು ಹುಟ್ಟಿದ ಮನೆಯಲ್ಲಿ ಮೊದಲ ವರ್ಷ ಪ್ರಾಯದ ಲೆಕ್ಕ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಆರು ವಾರ, ಹತ್ತು ವಾರ, ಹದಿನಾಲ್ಕು ವಾರ ಎನ್ನುತ್ತಾರೆ. ಮಗುವನ್ನು ನೋಡಲು ಬಂದ ನೆಂಟರು ಎಷ್ಟು ತಿಂಗಳಾಯಿತು ಎಂದು ಕೇಳುತ್ತಾರೆ. ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಾದರೆ ಅಜ್ಜಿಯಂದಿರು ಮಗು ಸೋಣದಲ್ಲಿ ಹುಟ್ಟಿತು, ಈಗ ಪುಯಿಂತೆಲ್ ಬಂತು ಎಂದು ತುಳು ತಿಂಗಳುಗಳನ್ನು ಹಿಡಿದು ಬೆರಳು ಮಡಿಚುತ್ತಾರೆ. ಎಲ್ಲರೂ ಎಣಿಸುವುದು ಅದೇ ಮಗುವಿನ ಪ್ರಾಯವನ್ನು. ಆದರೆ ಒಂದು ಲೆಕ್ಕದಿಂದ ಇನ್ನೊಂದಕ್ಕೆ ಹೋಗುವಾಗ ‘ನಾಲ್ಕು ವಾರಕ್ಕೆ ಒಂದು ತಿಂಗಳು’ ಎಂಬ ಬಾಯಿಲೆಕ್ಕವನ್ನು ನಂಬಿದರೆ, ಮಗುವಿಗೆ ಅನ್ನ ತಿನ್ನಿಸುವ ಹೊತ್ತಿಗೆ ಎರಡು ವಾರ, ದಡಾರದ ಲಸಿಕೆಯ ಹೊತ್ತಿಗೆ ಮೂರು ವಾರ ವ್ಯತ್ಯಾಸ ಬಂದಿರುತ್ತದೆ. ಈ ವ್ಯತ್ಯಾಸ ಬಾರದಂತೆ ಎಣಿಸುವ ಕ್ರಮವನ್ನೂ, ಎಲ್ಲಿ ತಿಂಗಳಿಗೆ ತರದೆ ವಾರದಲ್ಲೇ ಬಿಡಬೇಕು ಎಂಬುದನ್ನೂ ಇಲ್ಲಿ ವಿವರಿಸಿದ್ದೇನೆ.

ನಾಲ್ಕರಿಂದ ಭಾಗಿಸಿದರೆ ಏಕೆ ತಪ್ಪುತ್ತದೆ

ವರ್ಷದ 365 ದಿನಗಳನ್ನು 12ರಿಂದ ಭಾಗಿಸಿದರೆ ಒಂದು ತಿಂಗಳಿಗೆ ಸರಾಸರಿ 30.4 ದಿನ, ಅಂದರೆ 4 ವಾರ ಮತ್ತು ಸುಮಾರು ಎರಡೂವರೆ ದಿನ ಸಿಗುತ್ತದೆ. ಸರಿಯಾಗಿ ನಾಲ್ಕು ವಾರ ಇರುವ ತಿಂಗಳೆಂದರೆ 28 ದಿನಗಳ ಫೆಬ್ರವರಿ ಮಾತ್ರ. ಈ ಎರಡೂವರೆ ದಿನ ಮೊದಲ ತಿಂಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅದು ಮೂರು ತಿಂಗಳಿಗೆ ಒಂದು ವಾರವಾಗಿ, ಆರು ತಿಂಗಳಿಗೆ ಎರಡು ವಾರವಾಗಿ, ಒಂಬತ್ತು ತಿಂಗಳಿಗೆ ಮೂರು ವಾರವಾಗಿ ಬೆಳೆಯುತ್ತದೆ. ನಾಲ್ಕರಿಂದ ಭಾಗಿಸುವವರ ಪ್ರಕಾರ 48 ವಾರಕ್ಕೆ ಮಗುವಿಗೆ ವರ್ಷ ತುಂಬಬೇಕು. ನಿಜವಾಗಿ ಆ ದಿನ ಮಗುವಿಗೆ ಹನ್ನೊಂದು ತಿಂಗಳು ತುಂಬಿ ಒಂದೆರಡು ದಿನವಷ್ಟೇ ಆಗಿರುತ್ತದೆ. ವರ್ಷವೆಂದರೆ 52 ವಾರ ಮತ್ತು ಒಂದು ದಿನ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ.

ನಮ್ಮ ಮಾತಿನ ರೂಢಿಯೂ ಈ ಗೊಂದಲಕ್ಕೆ ಸ್ವಲ್ಪ ಸೇರುತ್ತದೆ. ‘ಎಂಟು ದಿನ ಬಿಟ್ಟು ಬನ್ನಿ’ ಎಂದರೆ ಒಂದು ವಾರ, ‘ಹದಿನೈದು ದಿನ ಬಿಟ್ಟು ಬನ್ನಿ’ ಎಂದರೆ ಎರಡು ವಾರ ಎಂದೇ ಎಲ್ಲರೂ ತಿಳಿಯುತ್ತೇವೆ, ಏಕೆಂದರೆ ಹೊರಟ ದಿನವನ್ನೂ ತಲುಪಿದ ದಿನವನ್ನೂ ಸೇರಿಸಿ ಎಣಿಸುವುದು ಹಳೆಯ ಪದ್ಧತಿ. ಹೆಸರಿಡುವ ಹನ್ನೊಂದನೆಯ ದಿನವನ್ನೂ ಹುಟ್ಟಿದ ದಿನವನ್ನು ಒಂದೆಂದು ಹಿಡಿದೇ ಎಣಿಸುತ್ತಾರೆ. ಆಚರಣೆಗಳಿಗೆ ಅದು ಸರಿ. ಮಗುವಿನ ಪ್ರಾಯ ಎಣಿಸುವಾಗ ಮಾತ್ರ ಹುಟ್ಟಿದ ದಿನ ಸೊನ್ನೆ, ಮರುದಿನ ಒಂದು ಎಂದು ಹಿಡಿಯಬೇಕು.

ಹುಟ್ಟಿದ ತಾರೀಕು ಮತ್ತು ಹುಟ್ಟಿದ ವಾರ

ಅತ್ಯಂತ ಭರವಸೆಯ ಕ್ರಮಕ್ಕೆ ಭಾಗಾಕಾರವೇ ಬೇಡ. ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಮಗು ಹುಟ್ಟಿದ ವಾರ (ಸೋಮವಾರ, ಮಂಗಳವಾರ ಹೀಗೆ) ಯಾವುದೋ, ಪ್ರತಿ ವಾರವೂ ಅದೇ ದಿನ ಮಗುವಿಗೆ ಒಂದು ವಾರ ತುಂಬುತ್ತದೆ. ಹುಟ್ಟಿದ ತಾರೀಕು ಯಾವುದೋ, ಪ್ರತಿ ತಿಂಗಳೂ ಅದೇ ತಾರೀಕಿನಂದು ಒಂದು ತಿಂಗಳು ತುಂಬುತ್ತದೆ. ವಾರ ಎಣಿಸುವಾಗ ತಾರೀಕು ನೋಡಬಾರದು, ತಿಂಗಳು ಎಣಿಸುವಾಗ ವಾರದ ಹೆಸರು ನೋಡಬಾರದು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. 2025ರ ಆಗಸ್ಟ್ 18ರ ಸೋಮವಾರ ಒಂದು ಮಗು ಹುಟ್ಟಿತು ಎಂದುಕೊಳ್ಳಿ. ಆ ಮಗುವಿಗೆ ವಾರಗಳೆಲ್ಲ ಸೋಮವಾರದಂದು ತುಂಬುತ್ತವೆ, ತಿಂಗಳುಗಳೆಲ್ಲ 18ನೇ ತಾರೀಕಿನಂದು ತುಂಬುತ್ತವೆ. 6 ವಾರ ತುಂಬುವುದು ಸೆಪ್ಟೆಂಬರ್ 29ರಂದು. ಸೆಪ್ಟೆಂಬರ್ 18ಕ್ಕೆ ಒಂದು ತಿಂಗಳು ಮುಗಿದಿರುವುದರಿಂದ ಅಂದಿಗೆ ಪ್ರಾಯ 1 ತಿಂಗಳು 11 ದಿನ. 10 ವಾರ ತುಂಬುವುದು ಅಕ್ಟೋಬರ್ 27ಕ್ಕೆ, ಅಂದರೆ 2 ತಿಂಗಳು 9 ದಿನ. 14 ವಾರ ತುಂಬುವುದು ನವೆಂಬರ್ 24ಕ್ಕೆ, ಅಂದರೆ 3 ತಿಂಗಳು 6 ದಿನ. ವಾರವನ್ನು ತಿಂಗಳಿಗೆ ತರುವುದೆಂದರೆ ಇಷ್ಟೇ: ವಾರ ತುಂಬಿದ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಹುಡುಕಿ, ಅದಕ್ಕೆ ಮೊದಲು ಮುಗಿದ ತಿಂಗಳುಗಳನ್ನು ಎಣಿಸಿ, ಉಳಿದ ದಿನಗಳನ್ನು ಪಕ್ಕದಲ್ಲಿ ಬರೆಯುವುದು.

ತಿಂಗಳ 31ರಂದು ಹುಟ್ಟಿದ ಮಗುವಿಗೆ 30 ದಿನಗಳ ತಿಂಗಳಲ್ಲಿ ಆ ತಾರೀಕು ಇರುವುದಿಲ್ಲ. ಆಗ ತಿಂಗಳ ಕೊನೆಯ ದಿನವನ್ನೇ ತಿಂಗಳು ತುಂಬಿದ ದಿನವೆಂದು ಹಿಡಿದರೆ ಸಾಕು.

ಹುಟ್ಟಿದ ವಾರದ ಬಗ್ಗೆ ಮಾತ್ರ ಒಂದು ಎಚ್ಚರ ಬೇಕು. ಪಂಚಾಂಗದಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ, ಆಸ್ಪತ್ರೆಯ ದಾಖಲೆಯಲ್ಲಿ ನಡುರಾತ್ರಿಗೆ. ನಸುಕಿನ ಮೂರು ಗಂಟೆಗೆ ಹುಟ್ಟಿದ ಮಗುವನ್ನು ಹಿರಿಯರು ಭಾನುವಾರದ ಮಗು ಎನ್ನುತ್ತಾರೆ, ಜನನ ಪ್ರಮಾಣಪತ್ರದಲ್ಲಿ ಸೋಮವಾರದ ತಾರೀಕು ಇರುತ್ತದೆ. ಜಾತಕ ಬರೆಸಲು ಹಿರಿಯರ ಲೆಕ್ಕವೇ ಬೇಕು. ಲಸಿಕೆ, ತೂಕ, ಆಹಾರಗಳಿಗೆ ದಾಖಲೆಯ ತಾರೀಕೇ ಆಧಾರ. ಮಗು ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಹುಟ್ಟಿರಲಿ, ಮಣಿಪಾಲದಲ್ಲಿ ಹುಟ್ಟಿರಲಿ, ಊರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಹುಟ್ಟಿರಲಿ, ಡಿಸ್ಚಾರ್ಜ್ ಚೀಟಿಯ ತಾರೀಕನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ವಾರದ ಹೆಸರಿನೊಡನೆ ಬರೆದಿಟ್ಟರೆ ಮುಂದೆ ಯಾರೂ ನೆನಪಿನಿಂದ ಹೇಳಬೇಕಾಗುವುದಿಲ್ಲ.

ಕ್ಯಾಲೆಂಡರ್ ಕೈಯಲ್ಲಿ ಇಲ್ಲದಾಗ

ಬಸ್ಸಿನಲ್ಲೋ ಫೋನಿನಲ್ಲೋ ಥಟ್ಟನೆ ಉತ್ತರ ಹೇಳಬೇಕಾದರೆ 13ನ್ನು ನೆನಪಿಟ್ಟುಕೊಳ್ಳಿ. 13 ವಾರಕ್ಕೆ 3 ತಿಂಗಳು, 26ಕ್ಕೆ 6, 39ಕ್ಕೆ 9, 52ಕ್ಕೆ 12. ಈ ನಾಲ್ಕು ಸಂಖ್ಯೆಗಳು ಬಾಯಿಪಾಠವಾದರೆ ಉಳಿದದ್ದು ಸುಲಭ: ಹೇಳಿದ ವಾರಗಳಿಂದ ಇವುಗಳಲ್ಲಿ ಕಳೆಯಲು ಸಾಧ್ಯವಾಗುವ ದೊಡ್ಡದನ್ನು ಕಳೆದು, ಉಳಿದ ವಾರಗಳನ್ನು ಏಳರಿಂದ ಗುಣಿಸಿ ದಿನ ಮಾಡಿ, ಅದರಲ್ಲಿ ಮೂವತ್ತು ಸಿಕ್ಕಷ್ಟು ಸಲ ತಿಂಗಳಿಗೆ ಸೇರಿಸಬೇಕು. 20 ವಾರದ ಮಗುವೆಂದರೆ 13 ಹೋಗಿ 7 ವಾರ ಉಳಿಯಿತು, ಅದು 49 ದಿನ, 30 ತೆಗೆದರೆ 19. ಆದ್ದರಿಂದ 4 ತಿಂಗಳು 19 ದಿನ. ನಮ್ಮ ಉದಾಹರಣೆಯ ಮಗುವಿಗೆ 20 ವಾರ ತುಂಬುವುದು 2026ರ ಜನವರಿ 5ಕ್ಕೆ. ಕ್ಯಾಲೆಂಡರ್ ಹಿಡಿದು ಎಣಿಸಿದರೆ 4 ತಿಂಗಳು 18 ದಿನ. 32 ವಾರವೆಂದರೆ 26 ಹೋಗಿ 6 ವಾರ, 42 ದಿನ, ಅಂದರೆ 7 ತಿಂಗಳು 12 ದಿನ. ಆ ಮಗುವಿಗೆ ಕ್ಯಾಲೆಂಡರ್ ಕೊಡುವ ಉತ್ತರವೂ ಅದೇ. ಒಂದೆರಡು ದಿನಕ್ಕಿಂತ ಹೆಚ್ಚು ಅಂತರ ಈ ಕ್ರಮದಲ್ಲಿ ಬರುವುದು ಅಪರೂಪ.

ತಿಂಗಳಿನಿಂದ ವಾರಕ್ಕೆ ಹೋಗಬೇಕಾದರೆ ತಿಂಗಳನ್ನು 13ರಿಂದ ಗುಣಿಸಿ 3ರಿಂದ ಭಾಗಿಸಿ. 5 ತಿಂಗಳಿಗೆ 65 ಭಾಗ 3, ಅಂದರೆ 21 ವಾರ ಮತ್ತು ಸುಮಾರು 5 ದಿನ.

ತುಂಬಿದ್ದು, ನಡೆಯುತ್ತಿರುವುದು

ಸಂಖ್ಯೆ ಸರಿಯಾಗಿದ್ದರೂ ಉತ್ತರ ತಪ್ಪುವ ಸ್ಥಳವೊಂದಿದೆ. ಮಗುವಿಗೆ ಐದು ತಿಂಗಳು ತುಂಬಿದ ಮರುದಿನದಿಂದಲೇ ಮನೆಯವರು ‘ಆರನೇ ತಿಂಗಳು’ ಎನ್ನತೊಡಗುತ್ತಾರೆ. ಅದು ತಪ್ಪಲ್ಲ, ಆರನೆಯ ತಿಂಗಳು ನಡೆಯುತ್ತಿದೆ ಎಂಬುದು ನಿಜ. ಆದರೆ ವೈದ್ಯರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಆರು ತಿಂಗಳು ಎಂದಾಗ ಅದು ತುಂಬಿದ ಆರು ತಿಂಗಳು. ಎರಡರ ನಡುವೆ ಹೆಚ್ಚೆಂದರೆ ಪೂರ್ತಿ ಒಂದು ತಿಂಗಳ ಅಂತರವಿದೆ. ನಾಲ್ಕು ವಾರದ ತಪ್ಪೂ ‘ನಡೆಯುತ್ತಿರುವ’ ತಿಂಗಳ ತಪ್ಪೂ ಒಂದೇ ದಿಕ್ಕಿನವು, ಎರಡೂ ಮಗುವನ್ನು ಇರುವುದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತವೆ. 21ನೆಯ ವಾರಕ್ಕೆ ಕಾಲಿಟ್ಟ ಮಗುವನ್ನು ನಾಲ್ಕರಿಂದ ಭಾಗಿಸಿ ಐದು ತುಂಬಿತು, ಆರು ನಡೆಯುತ್ತಿದೆ ಎಂದವರಿದ್ದರೆ, ಅದರ ನಿಜವಾದ ಪ್ರಾಯ ನಾಲ್ಕು ತಿಂಗಳು ಹದಿನೆಂಟು ದಿನ. ಇಂಥ ಮಗುವಿಗೆ ಗಂಜಿ ಕೊಡುವ ಮಾತು ಮನೆಯಲ್ಲಿ ಶುರುವಾಗುವುದು ಈ ಎರಡು ತಪ್ಪುಗಳು ಕೂಡಿದಾಗಲೇ.

ಆದ್ದರಿಂದ ಯಾರು ಕೇಳಿದರೂ ‘ಇಷ್ಟು ತಿಂಗಳು ತುಂಬಿ ಇಷ್ಟು ದಿನ’ ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಲಸಿಕೆಯ ವಾರಗಳನ್ನು ತಿಂಗಳಿಗೆ ತರಬೇಡಿ

ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿ ಪೆಂಟಾವಲೆಂಟ್ (ಐದು ರೋಗಗಳನ್ನು ತಡೆಯುವ ಒಂದೇ ಚುಚ್ಚುಮದ್ದು), ಬಾಯಿಗೆ ಹಾಕುವ ಪೋಲಿಯೊ ಹನಿ ಮತ್ತು ರೋಟಾವೈರಸ್ ಲಸಿಕೆಗಳು 6, 10, 14 ವಾರಗಳಿಗೆ ಬರುತ್ತವೆ. ಇವನ್ನು ಮಾತಿನಲ್ಲಿ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನ ಚುಚ್ಚುಮದ್ದು ಎನ್ನುವ ರೂಢಿ ಬಲವಾಗಿದೆ. ಇದು ತಿಂಗಳಿಗೆ ನಾಲ್ಕೇ ವಾರ ಎಂದು ಹಿಡಿದ ಲೆಕ್ಕ. ನಮ್ಮ ಉದಾಹರಣೆಯ ಮಗುವಿಗೆ ಕ್ಯಾಲೆಂಡರ್ ಪ್ರಕಾರ ಮೂರೂವರೆ ತಿಂಗಳಾಗುವುದು ಡಿಸೆಂಬರ್ 3ರ ಹೊತ್ತಿಗೆ, 14 ವಾರ ತುಂಬುವುದು ನವೆಂಬರ್ 24ಕ್ಕೆ. ಮೂರೂವರೆ ತಿಂಗಳೆಂಬ ಮಾತನ್ನೇ ನಂಬಿ ಕಾದರೆ ಒಂಬತ್ತು ದಿನ ತಡವಾಗುತ್ತದೆ. ಕೆಲವು ದಿನ ತಡವಾಯಿತೆಂದು ಹಿಂದಿನ ಡೋಸ್‌ಗಳು ವ್ಯರ್ಥವಾಗುವುದಿಲ್ಲ, ಮೊದಲಿನಿಂದ ಶುರು ಮಾಡಬೇಕಾಗಿಯೂ ಇಲ್ಲ. ಆದರೆ ಪೆಂಟಾವಲೆಂಟ್ ತಡೆಯುವ ನಾಯಿಕೆಮ್ಮು ಅತಿ ಹೆಚ್ಚು ಅಪಾಯ ಮಾಡುವುದು ಇದೇ ಮೊದಲ ತಿಂಗಳುಗಳಲ್ಲಿ. ತಡ ಮಾಡುವುದರಿಂದ ಯಾವ ಲಾಭವೂ ಇಲ್ಲ.

ಈ ಲಸಿಕೆಗಳನ್ನು ವಾರದಲ್ಲಿ ಹೇಳುವುದಕ್ಕೆ ಸರಿಯಾದ ಕಾರಣವಿದೆ. ಎರಡು ಡೋಸ್‌ಗಳ ನಡುವೆ ಕಡಿಮೆಯೆಂದರೆ ನಾಲ್ಕು ವಾರ, ಅಂದರೆ 28 ದಿನ ಇರಲೇಬೇಕು. ತಿಂಗಳಲ್ಲಿ ಹೇಳಿದರೆ ಅದು ಒಮ್ಮೆ 28, ಒಮ್ಮೆ 31 ಆಗುತ್ತದೆ. ವಾರದಲ್ಲಿ ಹೇಳಿದರೆ ಮುಂದಿನ ಡೋಸ್ ಯಾವಾಗಲೂ ವಾರದ ಅದೇ ದಿನ ಬೀಳುತ್ತದೆ. ನಮ್ಮ ಕಡೆ ಹಲವು ಆರೋಗ್ಯ ಕೇಂದ್ರಗಳಲ್ಲಿ ಗುರುವಾರ ಲಸಿಕೆ ಹಾಕುವುದರಿಂದ ಇದು ತುಂಬ ಅನುಕೂಲ. ಉದಾಹರಣೆಯ ಮಗುವನ್ನೇ ನೋಡಿ. ಆರು ವಾರ ತುಂಬಿದ್ದು ಸೆಪ್ಟೆಂಬರ್ 29ರ ಸೋಮವಾರ. ಅದಕ್ಕೆ ಮೊದಲಿನ ಗುರುವಾರ, 25ರಂದು, ಮಗುವಿಗೆ ಐದು ವಾರ ಮೂರು ದಿನವಾಗಿತ್ತು, ಆದ್ದರಿಂದ ಅಂದು ಒಯ್ಯುವಂತಿಲ್ಲ. ನಂತರದ ಗುರುವಾರ ಅಕ್ಟೋಬರ್ 2, ಗಾಂಧಿ ಜಯಂತಿಯ ರಜೆ. ಹಾಗಾಗಿ 9ರಂದು ಹಾಕಿಸಿದರು ಎಂದಿಟ್ಟುಕೊಳ್ಳಿ. ಇನ್ನು ಮುಂದಿನದನ್ನು ಹುಟ್ಟಿದ ದಿನದಿಂದ ಎಣಿಸಿದರೆ ಹತ್ತು ವಾರಕ್ಕೆ ಅಕ್ಟೋಬರ್ 27 ಬರುತ್ತದೆ. ಆದರೆ ಮೊದಲ ಡೋಸ್‌ನಿಂದ ಅಂದಿಗೆ 18 ದಿನ ಮಾತ್ರ ಆಗಿರುತ್ತದೆ. ಆದ್ದರಿಂದ ಹಾಕಿಸಿದ ದಿನದಿಂದ ನಾಲ್ಕು ಗುರುವಾರ ಎಣಿಸಿ ನವೆಂಬರ್ 6, ಅಲ್ಲಿಂದ ಮತ್ತೆ ನಾಲ್ಕು ಗುರುವಾರ ಎಣಿಸಿ ಡಿಸೆಂಬರ್ 4 ಎಂದು ಕಾರ್ಡಿನಲ್ಲಿ ಗುರುತು ಹಾಕಬೇಕು. ಮೊದಲ ಡೋಸ್‌ಗೆ ಪ್ರಾಯ ಮುಖ್ಯ, ನಂತರದವುಗಳಿಗೆ ಪ್ರಾಯದ ಜೊತೆಗೆ ನಡುವಿನ ಅಂತರವೂ ಮುಖ್ಯ.

ಆರು ಮತ್ತು ಒಂಬತ್ತು: ಇಲ್ಲಿ ತಿಂಗಳೇ ಬೇಕು

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ, ಆಮೇಲೆ ಮೇಲಿನ ಆಹಾರ ಮತ್ತು ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆರು ತಿಂಗಳೆಂದರೆ 26 ವಾರ, 24 ಅಲ್ಲ. ನಮ್ಮ ಉದಾಹರಣೆಯಲ್ಲಿ 24 ವಾರ ತುಂಬುವುದು ಫೆಬ್ರವರಿ 2ಕ್ಕೆ, ಆರು ತಿಂಗಳು ತುಂಬುವುದು ಫೆಬ್ರವರಿ 18ಕ್ಕೆ. ರಾಗಿ ಮಣ್ಣಿಯೋ ಕುಚಲಕ್ಕಿ ಗಂಜಿಯೋ ಹದಿನಾರು ದಿನ ಮೊದಲೇ ಮಗುವಿನ ಬಾಯಿಗೆ ಹೋಗುವುದು ಈ ಒಂದು ಭಾಗಾಕಾರದಿಂದ.

ತಡವಾಗುವುದೂ ಅಷ್ಟೇ ಗಂಭೀರವಾದ ವಿಷಯ, ಮತ್ತು ತುಳುನಾಡಿನಲ್ಲಿ ಅದಕ್ಕೆ ಒಂದು ವಿಶೇಷ ಕಾರಣವಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಶುಭಕಾರ್ಯ ಮಾಡುವುದಿಲ್ಲವಾದ್ದರಿಂದ ಅನ್ನಪ್ರಾಶನವನ್ನು ಮುಂದಿನ ತಿಂಗಳಾದ ಸೋಣಕ್ಕೆ ಇಟ್ಟುಕೊಳ್ಳುತ್ತಾರೆ. 2026ರ ಜನವರಿ 20ಕ್ಕೆ ಹುಟ್ಟಿದ ಮಗುವಿಗೆ ಜುಲೈ 20ಕ್ಕೆ, ಆಟಿಯ ಆರಂಭದಲ್ಲೇ, ಆರು ತಿಂಗಳು ತುಂಬುತ್ತದೆ. ಅನ್ನಪ್ರಾಶನ ಆಗದೆ ಏನೂ ತಿನ್ನಿಸಬಾರದು ಎಂದು ಆಗಸ್ಟ್ ನಡುವಿನವರೆಗೆ ಕಾದರೆ ಮಗು ಏಳನೆಯ ತಿಂಗಳನ್ನು ಹೆಚ್ಚುಕಡಿಮೆ ಪೂರ್ತಿ ಹಾಲಿನಲ್ಲೇ ಕಳೆಯುತ್ತದೆ. ಹುಟ್ಟುವಾಗ ದೇಹದಲ್ಲಿದ್ದ ಕಬ್ಬಿಣದ ಅಂಶ ಆ ಹೊತ್ತಿಗೆ ಕರಗಿರುತ್ತದೆ, ಎದೆಹಾಲೊಂದರಿಂದ ಅದು ತುಂಬುವುದಿಲ್ಲ. ಶಾಸ್ತ್ರದ ದಿನವನ್ನು ಮನೆಯವರು ತಮ್ಮ ಕ್ರಮದಂತೆ ನಿಶ್ಚಯಿಸಲಿ. ಮಗುವಿನ ಆಹಾರದ ದಿನವನ್ನು ಹುಟ್ಟಿದ ತಾರೀಕು ನಿಶ್ಚಯಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂಬತ್ತು ತಿಂಗಳ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ದಡಾರ ಮತ್ತು ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ; ಅದರ ಜೊತೆಗೆ ನ್ಯೂಮೊಕಾಕಲ್ ಲಸಿಕೆಯ ಬೂಸ್ಟರ್ ಮತ್ತು ವಿಟಮಿನ್ ಎ ದ್ರಾವಣದ ಮೊದಲ ಡೋಸ್ ಕೂಡ ಇವೆ. ತಾಯಿಯಿಂದ ಮಗುವಿಗೆ ಬಂದ ರೋಗನಿರೋಧಕ ಅಂಶಗಳು ಇನ್ನೂ ಉಳಿದಿರುವಾಗ ದಡಾರದ ಲಸಿಕೆ ಹಾಕಿದರೆ ಅದು ಚೆನ್ನಾಗಿ ಹಿಡಿಯುವುದಿಲ್ಲ, ಅದಕ್ಕಾಗಿಯೇ ಈ ಕಾಯುವಿಕೆ. ಉದಾಹರಣೆಯ ಮಗುವಿಗೆ 36 ವಾರ ತುಂಬುವುದು ಏಪ್ರಿಲ್ 27ಕ್ಕೆ, 39 ವಾರ ತುಂಬುವುದು ಮೇ 18ಕ್ಕೆ. ಒಂಬತ್ತು ತಿಂಗಳು ತುಂಬುವುದೂ ಅದೇ ಮೇ 18ಕ್ಕೆ. 36 ವಾರಕ್ಕೆ ಒಂಬತ್ತಾಯಿತೆಂದು ಹೊರಟವರು ಮೂರು ವಾರ ಮೊದಲೇ ಹೋಗಿ ಹಿಂತಿರುಗಬೇಕಾಗುತ್ತದೆ.

ಸಂಕ್ರಮಣದ ತಿಂಗಳು, ಅಮಾವಾಸ್ಯೆಯ ತಿಂಗಳು

ತುಳು ತಿಂಗಳುಗಳು ಸೌರಮಾನದವು, ಸಂಕ್ರಮಣದಿಂದ ಸಂಕ್ರಮಣಕ್ಕೆ 29ರಿಂದ 32 ದಿನ. ಉಡುಪಿಯ ಕೃಷ್ಣಾಷ್ಟಮಿಯನ್ನು ಸಿಂಹ ಮಾಸದಲ್ಲಿ, ಅಂದರೆ ಸೋಣದಲ್ಲಿ, ಆಚರಿಸುವುದೂ ಇದೇ ಗಣನೆಯಿಂದ. ತುಳುವರ ಹೊಸ ವರ್ಷದ ದಿನವಾದ ಬಿಸುವಿನಿಂದ ಮುಂದಿನ ಬಿಸುವಿಗೆ ಹನ್ನೆರಡು ತಿಂಗಳು ಸೇರಿದರೆ ಕ್ಯಾಲೆಂಡರ್ ವರ್ಷಕ್ಕೆ ಸರಿಹೊಂದುವುದರಿಂದ, ಸೋಣ 2ರಂದು ಹುಟ್ಟಿದ ಮಗುವಿಗೆ ಪ್ರತಿ ತಿಂಗಳ 2ಕ್ಕೆ ಒಂದೊಂದು ತಿಂಗಳು ಎಂದು ಎಣಿಸುವ ಅಜ್ಜಿಯ ಲೆಕ್ಕ ಒಂದೆರಡು ದಿನದ ಹೆಚ್ಚುಕಡಿಮೆಯಲ್ಲಿ ಸರಿಯಾಗಿಯೇ ಇರುತ್ತದೆ. ಚಾಂದ್ರಮಾನದ್ದು ಹಾಗಲ್ಲ. ಅದರ ತಿಂಗಳು 29 ದಿನ ಮತ್ತು ಅರ್ಧ ದಿನದಷ್ಟು, ಹನ್ನೆರಡು ತಿಂಗಳಿಗೆ 354 ದಿನ, ನಡುವೆ ಅಧಿಕ ಮಾಸ ಬಂದರೆ ಹದಿಮೂರು ತಿಂಗಳು. 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ. ಆ ವರ್ಷ ತಿಥಿ ಹಿಡಿದು ಮಾಡುವ ಮೊದಲ ಹುಟ್ಟುಹಬ್ಬ ತಾರೀಕಿನ ಹುಟ್ಟುಹಬ್ಬಕ್ಕಿಂತ ಹಲವು ದಿನ ಆಚೀಚೆ ಆಗಬಹುದು. ಹಬ್ಬಕ್ಕೆ ತಿಥಿ ಇರಲಿ, ವೈದ್ಯರಿಗೆ ತಾರೀಕು ಹೇಳಿ.

ಅವಧಿಗೆ ಮೊದಲು ಹುಟ್ಟಿದ ಮಗುವಿಗೆ

ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ, ಪೂರ್ಣ ಅವಧಿ 40 ವಾರ, 280 ದಿನ. ಅದನ್ನು ಕ್ಯಾಲೆಂಡರ್‌ನಲ್ಲಿ ನೋಡಿದರೆ ಒಂಬತ್ತು ತಿಂಗಳು ಮತ್ತು ಒಂದು ವಾರ. ನಾಲ್ಕರಿಂದ ಭಾಗಿಸಿದರೆ ಹತ್ತು ತಿಂಗಳು. ಮಗು ಹುಟ್ಟಿದ ಮೇಲೆ ಈ ವಾರಗಳನ್ನು ಪ್ರಾಯಕ್ಕೆ ಸೇರಿಸುವಂತಿಲ್ಲ. ಆದರೆ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಅವು ಬೇಕಾಗುತ್ತವೆ, ಏಕೆಂದರೆ ಕುತ್ತಿಗೆ ನಿಲ್ಲುವುದು, ಮಗುಚುವುದು, ಕುಳಿತುಕೊಳ್ಳುವುದು, ತೂಕ ಏರುವುದು ಇವನ್ನು ತಿದ್ದಿದ ಪ್ರಾಯದಿಂದ ನೋಡಬೇಕು. 40ರಿಂದ ಹುಟ್ಟಿದಾಗಿನ ವಾರವನ್ನು ಕಳೆಯಿರಿ, ಬಂದ ಸಂಖ್ಯೆಯನ್ನು ಮಗುವಿನ ಈಗಿನ ವಾರಗಳಿಂದ ಕಳೆಯಿರಿ, ತಿಂಗಳಿಗೆ ತರುವುದನ್ನು ಕೊನೆಗೆ ಮಾಡಿ. 32 ವಾರಕ್ಕೆ ಹುಟ್ಟಿದ ಮಗು 8 ವಾರ ಮೊದಲು ಬಂದಿದೆ. ಹುಟ್ಟಿ 26 ವಾರವಾದಾಗ ಅದರ ತಿದ್ದಿದ ಪ್ರಾಯ 18 ವಾರ, ಅಂದರೆ ನಾಲ್ಕು ತಿಂಗಳು ತುಂಬಿ ನಾಲ್ಕೈದು ದಿನ. ಪಕ್ಕದ ಮನೆಯ ಆರು ತಿಂಗಳ ಮಗು ಮಗುಚಿ ಆಡುತ್ತಿದೆ, ನಮ್ಮದು ಇನ್ನೂ ಇಲ್ಲ ಎಂದು ಕಂಗೆಡುವ ತಾಯಿಗೆ ಈ ಕಳೆಯುವ ಲೆಕ್ಕವನ್ನು ಯಾರಾದರೂ ಮೊದಲೇ ಹೇಳಿಕೊಟ್ಟರೆ ಅವಳ ಎಷ್ಟೋ ರಾತ್ರಿಗಳ ಚಿಂತೆ ಕಡಿಮೆಯಾಗುತ್ತದೆ. ಮಗುವಿಗೆ ಎರಡು ವರ್ಷವಾಗುವವರೆಗೆ ಹೀಗೆ ತಿದ್ದಿ ನೋಡುವುದು ಸಾಮಾನ್ಯ ಪದ್ಧತಿ. ಲಸಿಕೆಗೆ ಮಾತ್ರ ತಿದ್ದಿದ ಪ್ರಾಯವಲ್ಲ, ನಿಜವಾಗಿ ಹುಟ್ಟಿದ ತಾರೀಕಿನಿಂದಲೇ ಎಣಿಕೆ. ಮೇಲಿನ ಆಹಾರ ಯಾವಾಗ ಎಂಬುದನ್ನು ಇಂಥ ಮಗುವಿನ ವಿಷಯದಲ್ಲಿ ಮಕ್ಕಳ ವೈದ್ಯರನ್ನೇ ಕೇಳಿ ತೀರ್ಮಾನಿಸಬೇಕು.

ಯಾವಾಗಿನಿಂದ ವಾರ ಬಿಟ್ಟು ತಿಂಗಳು ಹೇಳಬೇಕು ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಗಳೇ ದಾರಿ ತೋರಿಸುತ್ತವೆ: ಮೊದಲ 13 ವಾರಗಳವರೆಗೆ ವಾರದ ಲೆಕ್ಕದ ಪಟ್ಟಿ, ಮುಂದೆ ತಿಂಗಳ ಲೆಕ್ಕ. ಆ ಪುಟ್ಟ ಅವಧಿಯಲ್ಲಿ ಒಂದು ವಾರದಲ್ಲೇ ತೂಕ ಕಣ್ಣಿಗೆ ಕಾಣುವಷ್ಟು ಏರುವುದರಿಂದ ತಿಂಗಳೆಂಬ ಅಳತೆ ಸಾಲುವುದಿಲ್ಲ. ಅಂಗನವಾಡಿಯಲ್ಲಿ ತೂಕ ಬರೆಸುವಾಗಲೂ, ಅರ್ಜಿಗಳಲ್ಲಿ ಪ್ರಾಯವನ್ನು ತಿಂಗಳಲ್ಲಿ ಬರೆಯಿರಿ ಎಂದಾಗಲೂ ತುಂಬಿದ ತಿಂಗಳನ್ನು ಮಾತ್ರ ಬರೆಯಿರಿ, ಉಳಿದ ದಿನಗಳನ್ನು ಮೇಲಕ್ಕೆ ದುಂಡಾಗಿಸಬೇಡಿ. ಮೂರು ವಾರದ ಮಗುವಿಗೆ ಸೊನ್ನೆ ತಿಂಗಳು ಎಂದೇ ಬರೆಯಬೇಕು, ಪಕ್ಕದಲ್ಲಿ ಹುಟ್ಟಿದ ತಾರೀಕನ್ನೂ ಸೇರಿಸಬೇಕು.